ಅಚ್ಚಾಗುವ ಮುನ್ನ: ಕೊಡಿಗೇನಹಳ್ಳಿ ಟಿಪ್ಪಣಿಗಳು

1
ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪುಸ್ತಕ ಬರೆದಿದ್ದಾರೆ. ಈಗ ಅದನ್ನು ಅಚ್ಚು ಹಾಕಿಸುವ ದಾರಿ ಹುಡುಕುತ್ತಿದ್ದಾರೆ. ಬರೆಯುವಾಗ ಯಾರನ್ನೂ ಕೇಳಿರಲಿಲ್ಲ. ಈಗ ಸಿಕ್ಕವರನ್ನೆಲ್ಲ ಕೇಳುತ್ತಾರೆ. ಸಿಕ್ಕವರೆಲ್ಲ ಹೇಳುತ್ತಾರೆ.

2
ಪುಸ್ತಕದ ವಿಷಯ, ಈ ಸೀಮೆಯಲ್ಲಿ ಪೌರಾಣಿಕ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರುಗಳು ಮತ್ತು ಅವರ ಕೈಯಲ್ಲಿ ಕಲಿತು ಪಾತ್ರ ಮಾಡಿದ ರೈತರು. ಆಧಾರ, ಟ್ರಂಕಿನಲ್ಲಿ ಕೂಡಿಟ್ಟ ನಾಟಕದ ಕರಪತ್ರಗಳು. ಗುಲಾಬಿ, ಹಳದಿ, ತಿಳಿಹಸಿರು ಕಾಗದ. ಹಲವು ಕರಪತ್ರಗಳಲ್ಲಿ ತಾರೀಖಿದೆ, ವಾರವಿದೆ, ಜಾತ್ರೆಯ ಹೆಸರಿದೆ, ಇಸವಿ ಇಲ್ಲ. ಆ ವಾರಕ್ಕೆ ಆ ತಾರೀಖು ಯಾವ ವರ್ಷ ಬಿದ್ದಿತ್ತೆಂದು ಹಳೆಯ ಪಂಚಾಂಗ ನೋಡಿ ಮೇಷ್ಟ್ರು ಇಸವಿ ಹಾಕಿದ್ದಾರೆ. ಕೆಲವಕ್ಕೆ ಎರಡೆರಡು ಇಸವಿ ಹೊಂದುತ್ತವೆ. ಎರಡನ್ನೂ ಬರೆದಿದ್ದಾರೆ.

3
ನಾಟಕದ ಹೆಸರು ಬಹುಪಾಲು ಒಂದೇ: ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’. ಪಾತ್ರವರ್ಗದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ. ಒಂದನೇ ದುರ್ಯೋಧನ, ಎರಡನೇ ದುರ್ಯೋಧನ. ಬೆಳಗಿನವರೆಗೆ ಒಬ್ಬನೇ ಹಾಡಲಾರ ಎಂಬುದು ಒಂದು ಕಾರಣ. ಆ ಪಾತ್ರ ಬೇಕೆನ್ನುವವರು ಊರಲ್ಲಿ ಇಬ್ಬರಿದ್ದಾರೆ ಎಂಬುದು ಇನ್ನೊಂದು.

4
ಪಾತ್ರ ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅವನೇ ಕೊಡುತ್ತಾನೆ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ, ಡ್ರೆಸ್ಸು, ಮೈಕು, ಹೊರಗಿನಿಂದ ಕರೆಸುವ ಸ್ತ್ರೀಪಾತ್ರದ ಕಲಾವಿದೆಯರ ಸಂಭಾವನೆ, ಎಲ್ಲವನ್ನೂ ಪಾತ್ರಗಳ ಮೇಲೆ ಹಂಚುತ್ತಾರೆ. ಕೃಷ್ಣ, ದುರ್ಯೋಧನ ದುಬಾರಿ. ವಿದುರ ಅಗ್ಗ.

5
ಗುಬ್ಬಿ ಇದೇ ಜಿಲ್ಲೆಯಲ್ಲಿದೆ. ಗುಬ್ಬಿ ವೀರಣ್ಣನವರ ನಾಟಕ ಕಂಪನಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದಿತ್ತು. ಅಲ್ಲಿ ಪ್ರೇಕ್ಷಕ ಟಿಕೀಟು ಕೊಳ್ಳುತ್ತಿದ್ದ. ಇಲ್ಲಿ ನೋಡುವವನಿಗೆ ಪುಕ್ಕಟೆ, ಆಡುವವನಿಗೆ ಖರ್ಚು.

6
ಯಾವ ಪಾತ್ರಧಾರಿಗೆ ಯಾರು ಎಷ್ಟು ಬಹುಮಾನ ಕೊಟ್ಟರೆಂದು ನಡುನಾಟಕದಲ್ಲಿ ಮೈಕು ಹೇಳುತ್ತದೆ. ಕೌರವ ಅಷ್ಟು ಹೊತ್ತು ಸುಮ್ಮನೆ ನಿಂತಿರುತ್ತಾನೆ.

7
ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇನ್ನೊಬ್ಬ ಲೇಖಕರ ಮಾತು ಬಂತು. “ಬುಕ್ಕು ಬಂದದೆ ಕಣಪ್ಪ. ಸ್ವಂತ ದುಡ್ಡಲ್ಲಿ ಹಾಕ್ಸಿರಾದಂತೆ.” ಕೊನೆಯ ವಾಕ್ಯಕ್ಕೆ ದನಿ ಇಳಿಯಿತು.

8
ಗಳಗನಾಥರು (1869–1942) ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ಕಾಲೇಜಿನ ಮೇಷ್ಟ್ರು. ಬೌದ್ಧ ಸಾಹಿತ್ಯಕ್ಕೆಂದು ಶಾಕ್ಯ ಸಾಹಿತ್ಯ ಮಂಟಪ ಕಟ್ಟಿದರು. ಪುಸ್ತಕವನ್ನು ತಾವೇ ಮಾರುವುದಕ್ಕೆ ನಾಚಲಿಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ನಡೆಸಿದರು. ಮಾಸ್ತಿಯವರ ಪುಸ್ತಕಗಳ ಮೇಲೆ ಜೀವನ ಕಾರ್ಯಾಲಯ ಎಂದಿರುತ್ತದೆ. ‘ಜೀವನ’ ಅವರೇ ನಡೆಸಿದ ಪತ್ರಿಕೆ. ಕುವೆಂಪು ಪುಸ್ತಕಗಳ ಮೇಲೆ ಉದಯರವಿ ಪ್ರಕಾಶನ. ಉದಯರವಿ ಎಂದರೆ ಮೈಸೂರಿನಲ್ಲಿ ಅವರ ಮನೆ.

ಹೋಟೆಲಿನಲ್ಲಿ ಇವರ ಮಾತು ಬರಲಿಲ್ಲ.

9
ಮೇಷ್ಟ್ರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪಟ್ಟಿ. ‘ಮಧುಗಿರಿ ಪ್ರೆಸ್. ಬೆಂಗಳೂರು ಪ್ರಕಾಶಕರು. ಆನ್‌ಲೈನ್. ಸರ್ಕಾರ.’ ಪ್ರತಿಯೊಂದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಸರ್ಕಾರದ ಮುಂದೆ ಎರಡು.

10
ಮಧುಗಿರಿಯ ಪ್ರೆಸ್ಸು. ಕೌಂಟರಿನ ಮೇಲೆ ಲಗ್ನಪತ್ರಿಕೆಗಳ ಆಲ್ಬಂ, ಅದರ ಕೆಳಗೆ ವೈಕುಂಠ ಸಮಾರಾಧನೆ, ಶಿವಗಣಾರಾಧನೆಯ ಕಾರ್ಡು, ಅದರ ಕೆಳಗೆ ಬಿಲ್ ಬುಕ್ಕು. ಪುಸ್ತಕದ ಮಾದರಿ ತೋರಿಸಿ ಎಂದರೆ ಮಾಲೀಕರು ಒಳಗೆ ಹೋಗಿ ಹುಡುಕಿ ತರುತ್ತಾರೆ. ತಂದಿದ್ದು ಒಂದು ದೇವಸ್ಥಾನದ ಸ್ಥಳಪುರಾಣ. “ಇದು ನಾಕ್ನೇ ಸಲ ಹೊಡೀತಿರಾದು” ಎಂದರು. ಅದರಲ್ಲಿ ಲೇಖಕರ ಹೆಸರು ಹುಡುಕಿದೆ. ಭಕ್ತಾದಿಗಳು ಎಂದಿತ್ತು.

11
ಮಾಲೀಕರ ಮೊದಲ ಪ್ರಶ್ನೆ ಪುಸ್ತಕ ಯಾವುದರ ಬಗ್ಗೆ ಎಂದಲ್ಲ. “ಎಷ್ಟು ಫಾರಂ ಬತ್ತದೆ ಮೇಷ್ಟ್ರೇ?”

ಡೆಮಿ 1/8 ಅಳತೆಯ ಪುಸ್ತಕದಲ್ಲಿ ಒಂದು ಫಾರಮಿಗೆ 16 ಪುಟ. 8 ಫಾರಮಿಗೆ 128 ಪುಟ. ಮೇಷ್ಟ್ರ ಪುಸ್ತಕ ಡಿಟಿಪಿ ಆದಮೇಲೆ 131 ಪುಟ ಬಂದಿದೆ. ಮೂರು ಪುಟಕ್ಕೆ ಇನ್ನೊಂದು ಅರ್ಧ ಫಾರಂ ಹೋಗುತ್ತದೆ. ಅದರಲ್ಲಿ ಐದು ಪುಟ ಖಾಲಿ. ಖಾಲಿ ಬಿಡಬಹುದು, ತುಂಬಿಸಬಹುದು, ಅಥವಾ ಮೂರು ಪುಟ ಕೀಳಬಹುದು.

ಬೆಂಗಳೂರಿನ ಪ್ರೊಫೆಸರರ ಮುನ್ನುಡಿ ಆರು ಪುಟ. ಅದನ್ನು ಮುಟ್ಟುವಂತಿಲ್ಲ. ಮೇಷ್ಟ್ರು ಮನೆಗೆ ಬಂದು ‘ಲೇಖಕನ ಮಾತು’ ಕತ್ತರಿಸತೊಡಗಿದರು.

12
ಕನ್ನಡ ಪುಸ್ತಕಗಳ ಹಕ್ಕುಪುಟ ಓದುವುದು ಒಂದು ಅಭ್ಯಾಸ. ಅಲ್ಲಿ ಕಾಗದದ ತೂಕವಿರುತ್ತದೆ: 70 ಜಿಎಸ್‌ಎಂ ಎನ್‌ಎಸ್ ಮ್ಯಾಪ್‌ಲಿಥೋ. ಪುಸ್ತಕದ ಅಳತೆಯಿರುತ್ತದೆ. ಎಷ್ಟು ಪ್ರತಿ ಎಂಬುದೂ ಇರುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಪ್ರತಿಗಳ ಲೆಕ್ಕ ಸಾಮಾನ್ಯವಾಗಿ ಕಾಣುವುದಿಲ್ಲ. ಇಲ್ಲಿ ಸಾವಿರ ಎಂದಿದ್ದರೆ ಸಾವಿರವೇ ಇರಬೇಕೆಂದಿಲ್ಲ ಎಂದು ಅಚ್ಚುಕೂಟದ ಹುಡುಗ ನಗುತ್ತಾನೆ. ಯಾರಿಗಾಗಿ ಹೆಚ್ಚಿಸಿ ಹಾಕುತ್ತಾರೆ, ಯಾರಿಗಾಗಿ ಕಡಿಮೆ ಮಾಡಿ ಹಾಕುತ್ತಾರೆ, ಹೇಳಲಿಲ್ಲ.

13
ಅದೇ ಪುಟದಲ್ಲಿ ಪ್ರಕಾಶಕರ ವಿಳಾಸ. ಪ್ರಕಾಶನಕ್ಕೆ ಮಗಳ ಹೆಸರು, ಮನೆದೇವರ ಹೆಸರು, ತೀರಿಕೊಂಡ ತಾಯಿಯ ಹೆಸರು. ಪ್ರಕಾಶಕಿ ಹೆಂಡತಿ. ಬಾಗಿಲ ನಂಬರ್ ಲೇಖಕರದೇ.

14
ಮೇಷ್ಟ್ರ ವಿಳಾಸದಲ್ಲಿ ತಾಲ್ಲೂಕು, ಜಿಲ್ಲೆ ಎರಡೂ ಬೇಕು. ಗಡಿಯಾಚೆ, ಹಿಂದೂಪುರದ ಹತ್ತಿರ, ಪರಿಗಿ ಮಂಡಲದಲ್ಲಿ ಇನ್ನೊಂದು ಕೊಡಿಗೇನಹಳ್ಳಿ ಇದೆ. ಅಲ್ಲಿನ ವಸತಿ ಶಾಲೆಯಿಂದ ಆ ಊರು ಆಂಧ್ರದಲ್ಲೆಲ್ಲ ಪ್ರಸಿದ್ಧ. ಜಯಮಂಗಲಿ ನದಿಯೂ ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ತಾಲ್ಲೂಕು ದಾಟಿ, ಆ ಕಡೆಗೇ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ.

15
ಐನೂರು ಪ್ರತಿಗೆ ಒಂದು ಮೊತ್ತ. ಸಾವಿರಕ್ಕೆ ಅದರ ಎರಡರಷ್ಟಲ್ಲ, ಬಹಳ ಕಡಿಮೆ. ಆಫ್‌ಸೆಟ್‌ನಲ್ಲಿ ಪ್ಲೇಟು ಮಾಡಿ ಯಂತ್ರಕ್ಕೆ ಕೂರಿಸುವ ಖರ್ಚು ಮೊದಲ ಪ್ರತಿಗೇ ಮುಗಿಯುತ್ತದೆ; ಆಮೇಲಿನದು ಕಾಗದ, ಶಾಯಿ, ಬೈಂಡಿಂಗು. “ಇನ್ನೊಂಚೂರು ಹಾಕ್ಬುಟ್ರೆ ಸಾವ್ರ ಆಯ್ತದಲ್ಲ ಮೇಷ್ಟ್ರೇ” ಎನ್ನುತ್ತಾರೆ ಮಾಲೀಕರು. ತಪ್ಪು ಲೆಕ್ಕವಲ್ಲ.

16
ಶಿರಾ ಕಡೆಯ ಕವಿಯೊಬ್ಬರ ಮನೆ. ಹಾಲಿನಲ್ಲಿ ಗೋಡೆಗೆ ತಾಗಿದಂತೆ ಉದ್ದದ ಕಟ್ಟೆ, ಮೇಲೆ ಬೆಡ್‌ಶೀಟು. ಕುಳಿತುಕೊಳ್ಳಿ ಎಂದರು. ಕುಳಿತ ಮೇಲೆ ಗೊತ್ತಾಯಿತು, ಕಂದು ಕಾಗದದಲ್ಲಿ ಕಟ್ಟಿದ ಬಂಡಲ್‌ಗಳು. ಅವರು ಆ ‘ಇನ್ನೊಂಚೂರು’ ಹಾಕಿದ್ದರು.

17
ಬೆಂಗಳೂರಿನ ಪ್ರಕಾಶಕರೊಬ್ಬರು ಪತ್ರ ಬರೆದರು. ಪುಸ್ತಕ ಮಾಡುತ್ತೇವೆ, 300 ಪ್ರತಿಗಳನ್ನು ಲೇಖಕರು ರಿಯಾಯಿತಿ ದರದಲ್ಲಿ ಕೊಳ್ಳಬೇಕು. ಮೊತ್ತ ನೋಡಿದೆ. ಮಧುಗಿರಿಯ ಪ್ರೆಸ್ಸು 300 ಪ್ರತಿಗೆ ಹೇಳಿದ್ದಕ್ಕಿಂತ ಜಾಸ್ತಿ. ಆದರೆ ಪುಸ್ತಕದ ಬೆನ್ನಿನ ಮೇಲೆ ಬೆಂಗಳೂರಿನ ಲಾಂಛನ ಬರುತ್ತದೆ.

ಮೇಷ್ಟ್ರಿಗೆ ಈ ಪತ್ರ ಅವಮಾನವೆನಿಸಲಿಲ್ಲ. ನಾಲ್ಕು ಜನಕ್ಕೆ ತೋರಿಸಿದರು. ಇಬ್ಬರು, “ಪ್ರಕಾಶಕರು ಒಪ್ಪಿದ್ದಾರಲ್ಲ, ಇನ್ನೇನು” ಎಂದರು.

18
ಸರ್ಕಾರ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಮೇಷ್ಟ್ರದು ಚೊಚ್ಚಲ ಕೃತಿ. ಯೋಜನೆಯ ಹೆಸರು ಓದಿದರು: ಯುವ ಬರಹಗಾರರ ಚೊಚ್ಚಲ ಕೃತಿ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

19
ಗ್ರಂಥಾಲಯದ ಸಗಟು ಖರೀದಿ ಎಂದರೆ ಎಲ್ಲರಿಗೂ ಗೊತ್ತು. ಆಯ್ಕೆಯಾದ ಪುಸ್ತಕದ 300 ಪ್ರತಿ. ದರ, ಪುಟದ ಲೆಕ್ಕ. ಆ ವರ್ಷದ ಪ್ರಥಮ ಮುದ್ರಣವೇ ಆಗಿರಬೇಕು. ಆಯ್ಕೆ ಒಂದು ವರ್ಷ, ಹಣ ಇನ್ನೊಂದು ವರ್ಷ ಎಂಬುದು ಪ್ರಕಾಶಕರ ಹಳೆಯ ದೂರು. ದುಡ್ಡಿನ ಮೂಲ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಹಾಕುವ ಗ್ರಂಥಾಲಯ ಕರ. ಮನೆ ಕಂದಾಯ ಕಟ್ಟಿದವರೆಲ್ಲ ಪುಸ್ತಕ ಕೊಂಡವರೇ.

ಪುಟಕ್ಕೆ ಇಷ್ಟು ಎಂದು ದರವಿದ್ದರೆ ಪುಟದಲ್ಲಿ ಎಷ್ಟು ಸಾಲು ಎಂಬುದು ಲೇಖಕರ ಕೈಯಲ್ಲಿ. ಕೆಲವು ಪುಸ್ತಕಗಳಲ್ಲಿ ಅಕ್ಷರ ದೊಡ್ಡದು, ಅಂಚು ಅಗಲ. ವಯಸ್ಸಾದವರಿಗೆ ಓದಲು ಅನುಕೂಲ.

20
ಈಗ ಅರಿವು ಕೇಂದ್ರ ಎಂದು ಹೆಸರಾಗಿರುವ ಪಂಚಾಯಿತಿ ಗ್ರಂಥಾಲಯವೊಂದಕ್ಕೆ ಹೋದೆ. ಹುಡುಗರು ಕೆಪಿಎಸ್‌ಸಿ ಗೈಡು, ದಿನಪತ್ರಿಕೆಗಳ ಮುಂದೆ. ಕಪಾಟಿನ ಕವನ ಸಂಕಲನಗಳಲ್ಲಿ ಒಂದನ್ನು ತೆಗೆದೆ. ಒಳಗೆ ಲೇಖಕರ ಸಹಿ: “ಪ್ರೀತಿಯ ಗೆಳೆಯರಿಗೆ.” ಗೆಳೆಯರ ಹೆಸರಿನ ಮೇಲೆ ಗ್ರಂಥಾಲಯದ ಮೊಹರು.

21
ಆನ್‌ಲೈನ್. ಮೇಷ್ಟ್ರ ಸೊಸೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳು ಹೇಳಿದ್ದು: “ಮಾವ, ಈಗ ಬೇಕಾದಾಗ ಒಂದೇ ಪ್ರತಿ ಪ್ರಿಂಟ್ ಮಾಡಿಕೊಡ್ತಾರೆ. ಸ್ಟಾಕ್ ಇಟ್ಟುಕೊಳ್ಳೋದೇ ಬೇಡ.” ಬೆಂಗಳೂರಿನ ಪೋಥಿ, ಚೆನ್ನೈನ ನೋಷನ್ ಪ್ರೆಸ್ ಎಂದು ಹೆಸರು ಬರೆದುಕೊಟ್ಟಳು. ಒಂದು ಪ್ರತಿಯ ಖರ್ಚು ಜಾಸ್ತಿ. ಆದರೆ ಹತ್ತನೇ ಪ್ರತಿಗೂ ಅಷ್ಟೇ, ನೂರನೇ ಪ್ರತಿಗೂ ಅಷ್ಟೇ. ಉಳಿದು ಗೆದ್ದಲು ಹಿಡಿಯುವುದು ಏನೂ ಇಲ್ಲ.

ಮೇಷ್ಟ್ರು ಕೇಳಿದರು: “ಹಂಗಾದ್ರೆ ಬಿಡುಗಡೆ ದಿವ್ಸ ಟೇಬಲ್ ಮೇಲೆ ಏನ್ ಇಡಾದು?”

22
ಇ-ಪುಸ್ತಕ ಎಂದೂ ಅವಳು ಹೇಳಿದಳು. ಅಮೆಜಾನ್ 2016ರಲ್ಲಿ ಕಿಂಡಲ್‌ಗೆ ಸೇರಿಸಿದ ಭಾರತದ ಭಾಷೆಗಳು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ತೆಲುಗೂ ಇರಲಿಲ್ಲ. ಇತ್ತೀಚೆಗೆ ಮೈಲ್ಯಾಂಗ್‌ನಂಥ ಕನ್ನಡದ್ದೇ ಆಪ್‌ಗಳು ಬಂದಿವೆ. ಓದುವ ಪುಸ್ತಕದ ಜೊತೆ ಕೇಳುವ ಪುಸ್ತಕವನ್ನೂ ಮಾರುತ್ತವೆ.

ಕೇಳುವ ಪುಸ್ತಕ ಎಂದಾಗ ಮೇಷ್ಟ್ರು ತಲೆ ಎತ್ತಿದರು. ಹಾರ್ಮೋನಿಯಂ ಇಡಬಹುದಾ ಎಂದು ಕೇಳಿದರು.

23
ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೂ ಪೇಜ್‌ಮೇಕರ್ ಇದೆ. ಅದರ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ಹುಡುಗಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾಳೆ, ಯೂನಿಕೋಡ್‌ನಲ್ಲಲ್ಲ. ಆನ್‌ಲೈನ್‌ಗೆ ಯೂನಿಕೋಡ್ ಬೇಕು. ಪರಿವರ್ತಿಸಿದರು. ಕೆಲವೆಡೆ ಅರ್ಕಾವತ್ತು ಜಾರಿ ಪಕ್ಕದ ಅಕ್ಷರಕ್ಕೆ ಹೋಗಿ ಕುಳಿತಿತು. ಕರ್ಣನ ಹೆಸರು ಪುಸ್ತಕದಲ್ಲಿ ಎಷ್ಟು ಕಡೆ ಬರುತ್ತದೋ ಅಷ್ಟೂ ಕಡೆ ಮೇಷ್ಟ್ರು ಮತ್ತೆ ನೋಡಬೇಕಾಯಿತು. ದುರ್ಯೋಧನ, ಅರ್ಜುನರ ಗತಿಯೂ ಅದೇ. ಭೀಮ, ಶಕುನಿ ಪಾರಾದರು.

24
ಐಎಸ್‌ಬಿಎನ್‌ಗೆ ದುಡ್ಡು ಕೇಳುವವರಿದ್ದಾರೆ. ಭಾರತದಲ್ಲಿ ಅದನ್ನು ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ, ಶುಲ್ಕವಿಲ್ಲ. ಲೇಖಕರು ತಾವೇ ಪ್ರಕಾಶಕರೆಂದು ಅರ್ಜಿ ಹಾಕಬಹುದು. 2007ರಿಂದ 13 ಅಂಕಿ. ಮೊದಲು 978, ಆಮೇಲೆ ಭಾರತದ್ದು 81 ಅಥವಾ 93. ಕೊನೆಯ ಅಂಕಿ ಉಳಿದ ಹನ್ನೆರಡರಿಂದ ಲೆಕ್ಕ ಹಾಕಿ ಬರುವ ತಾಳೆಯಂಕಿ. ನಡುವೆ ಒಂದು ಅಂಕಿ ತಪ್ಪಾಗಿ ಬಿದ್ದರೆ ಅದು ಹೇಳುತ್ತದೆ.

ಮೇಷ್ಟ್ರು ಗಣಿತ ಹೇಳಿಕೊಟ್ಟವರು. ಮನೆಯಲ್ಲಿರುವ ಪುಸ್ತಕಗಳ ತಾಳೆಯಂಕಿ ಪರೀಕ್ಷಿಸುತ್ತ ಒಂದು ಸಂಜೆ ಕಳೆದರು. ಆ ಸಂಜೆ ಪುಸ್ತಕದ ಮಾತು ಬರಲಿಲ್ಲ.

25
ವಸುಧೇಂದ್ರ ತಮ್ಮ ಪುಸ್ತಕಗಳಿಗೆಂದು ಛಂದ ಪುಸ್ತಕ ಆರಂಭಿಸಿದರು. ಈಗ ಅದು ಹೊಸ ಲೇಖಕರ ಹಸ್ತಪ್ರತಿಗಳಿಗೆ ಬಹುಮಾನ ಕೊಟ್ಟು ಅಚ್ಚು ಹಾಕುತ್ತದೆ. ಸ್ವಂತ ಪುಸ್ತಕಕ್ಕೆ ಕಟ್ಟಿದ ಮನೆಯಲ್ಲಿ ಬೇರೆಯವರು ವಾಸಕ್ಕೆ ಬಂದಿರುವುದಕ್ಕೆ ಇದೊಂದು ಉದಾಹರಣೆ. ಇಂಥವು ಹೆಚ್ಚಿಲ್ಲ.

26
ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಜಿ.ಬಿ. ಜೋಶಿಯವರಿಂದ ಶುರುವಾಯಿತು. ಚಂದಾದಾರರಿಂದ ಮೊದಲೇ ಹಣ, ಆಮೇಲೆ ಪುಸ್ತಕ. ಇದನ್ನು ಕೇಳಿ, ನಾಟಕದ ಖರ್ಚು ಹಂಚಿದ ಪಟ್ಟಿಯನ್ನು ಮೇಷ್ಟ್ರು ಟ್ರಂಕಿನಿಂದ ತೆಗೆದರು.

27
ಪ್ರೆಸ್ ಮಾಲೀಕರ ಸಲಹೆ: “ಪಾತ್ರ ಮಾಡಿದೋರ್ದೆಲ್ಲ ಫೋಟೋ ಹಾಕ್ಸಿ. ಒಬ್ಬೊಬ್ಬ ಐದೈದು ಬುಕ್ಕು ತಗತಾನೆ.” ಫೋಟೋ ಹಾಕಿದರೆ ಪುಟ ಹೆಚ್ಚುತ್ತದೆ, ಫಾರಂ ಹೆಚ್ಚುತ್ತದೆ. ಪುಸ್ತಕದಲ್ಲಿರುವ ಹೆಸರುಗಳಲ್ಲಿ ಅರ್ಧಕ್ಕರ್ಧ ತೀರಿಕೊಂಡವರದು. “ಮಕ್ಳು ತಗತಾರೆ” ಎಂದರು ಮಾಲೀಕರು. ತಿಥಿ ಕಾರ್ಡು ಅಚ್ಚು ಹಾಕುವವರಿಗೆ ಇದು ಗೊತ್ತಿರಬಹುದು.

28
ಒಂದನೇ ಕೃಷ್ಣನ ಫೋಟೋ ಎರಡನೇ ಕೃಷ್ಣನದಕ್ಕಿಂತ ದೊಡ್ಡದಿರಬೇಕೇ ಎಂಬ ಪ್ರಶ್ನೆ ಎದ್ದಿದೆ. ಇನ್ನೂ ಇತ್ಯರ್ಥವಾಗಿಲ್ಲ.

29
ಬಿಡುಗಡೆಗಳಲ್ಲಿ ಕಂಡಿದ್ದು. ಪುಸ್ತಕವನ್ನು ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿರುತ್ತಾರೆ. ಅತಿಥಿಗಳು ಬಿಚ್ಚಿ, ಎದೆಯ ಮುಂದೆ ಹಿಡಿದು ಫೋಟೋಗೆ ನಿಲ್ಲುತ್ತಾರೆ. ಆಗ ಮುಖಪುಟ ಕಾಣುವುದು ನಮಗೆ, ಹಿಡಿದವರಿಗೆ ಬೆನ್ನುಡಿ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಊಟ ಸೇರಿಸಿದರೆ ಕೆಲವೊಮ್ಮೆ ಮುದ್ರಣದ ಖರ್ಚಿಗೆ ಸಮ. ಆ ಖರ್ಚನ್ನು ಯಾರೂ ಸ್ವಂತ ದುಡ್ಡು ಎಂದು ಪಿಸುಗುಡುವುದಿಲ್ಲ.

30
ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರು ಟೇಬಲ್ ಹಾಕಿ ಕೂರುತ್ತಾರೆ. ಪುಸ್ತಕ ಬಿಡುಗಡೆಯಲ್ಲೂ ಬಾಗಿಲ ಹತ್ತಿರ ಟೇಬಲ್ ಇರುತ್ತದೆ. ಜನ ಅದನ್ನು ಬಳಸಿ ನಡೆದು, ಲೇಖಕರ ಬಳಿ ಹೋಗಿ, “ನಮ್ಗೊಂದು ಕಾಪಿ ಇಲ್ವಾ?” ಎನ್ನುತ್ತಾರೆ. ಮುಯ್ಯಿ ಟೇಬಲನ್ನು ಹಾಗೆ ಬಳಸಿ ಹೋದವರನ್ನು ನೋಡಿಲ್ಲ.

31
ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿತು. 2025ರ ಮೇ ತಿಂಗಳಲ್ಲಿ ಜ್ಞಾನ ಪೋಸ್ಟ್ ಬಂತು: 300 ಗ್ರಾಂವರೆಗೆ 20 ರೂಪಾಯಿಯಿಂದ ಆರಂಭ, 5 ಕಿಲೋವರೆಗೆ 100 ರೂಪಾಯಿ. ಮೇಷ್ಟ್ರು ಕಾಗದದ ತೂಕ ಕೇಳುತ್ತಿದ್ದುದು ಯಾಕೆಂದು ಆಗ ತಿಳಿಯಿತು. 70 ಜಿಎಸ್‌ಎಂನಲ್ಲಿ 128 ಪುಟದ ಪುಸ್ತಕ 300 ಗ್ರಾಂ ಒಳಗೇ ಇರುತ್ತದೆ.

32
1954ರ ಒಂದು ಕಾಯ್ದೆ ಇದೆ. ಪುಸ್ತಕ ಪ್ರಕಟವಾದ 30 ದಿನಗಳೊಳಗೆ ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು. ತಪ್ಪಿದರೆ 50 ರೂಪಾಯಿವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆ. ಕೊಡಿಗೇನಹಳ್ಳಿಯ ಎರಡನೇ ದುರ್ಯೋಧನನ ಹೆಸರು ಕೋಲ್ಕತ್ತದ ಕಪಾಟಿನಲ್ಲಿ ಇರಬೇಕೆಂದು ಕಾನೂನು ಹೇಳುತ್ತದೆ. ಈ ಸುದ್ದಿಯನ್ನು ಆ ದುರ್ಯೋಧನನ ಮೊಮ್ಮಗನಿಗೆ ಹೇಳಿದೆ. “ಅಲ್ಲಿ ಕನ್ನಡ ಓದೋರು ಯಾರವ್ರೆ ಸಾರ್?” ಎಂದ.

33
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮೇಷ್ಟ್ರ ಸೇವೆಯೆಲ್ಲ ಇದರೊಳಗೇ ಮುಗಿಯಿತು. ಓದುಗರು ಎಲ್ಲಿದ್ದಾರೆ ಎಂದರೆ ಈ ನಾಲ್ಕು ತಾಲ್ಲೂಕನ್ನು ಬೆರಳು ಮಡಿಸಿ ಹೇಳುತ್ತಾರೆ. ಹೆಬ್ಬೆರಳು ಉಳಿಯುತ್ತದೆ. ಅದಕ್ಕೆ ಬೆಂಗಳೂರು.

34
ತೀರ್ಮಾನವಾಗಿದೆ. ಮಧುಗಿರಿಯಲ್ಲೇ ಅಚ್ಚು, 300 ಪ್ರತಿ. ಪ್ರಕಾಶಕರ ಜಾಗದಲ್ಲಿ ಬೇರೆ ಹೆಸರಿಲ್ಲ, ಮೇಷ್ಟ್ರದೇ. ಖರ್ಚನ್ನು ನಾಟಕದ ಕ್ರಮದಲ್ಲಿ ಹಂಚಲು ಕೆಲವರು ಮುಂದೆ ಬಂದರು, ಮೇಷ್ಟ್ರು ಬೇಡವೆಂದರು. ಮುಂಗಡ ಬೆಲೆ ಕೊಟ್ಟವರ ಹೆಸರನ್ನು ಕೊನೆಯ ಪುಟದಲ್ಲಿ ಹಾಕುತ್ತಾರಂತೆ. ಗೌರವ ಪ್ರತಿ ಯಾರಿಗೂ ಇಲ್ಲ. ಬರೆದುಕೊಂಡ ನನಗೂ ಇಲ್ಲ; ಬೆಲೆ ಕೊಟ್ಟು ಹೆಸರು ಬರೆಸಿದ್ದೇನೆ. ಪಟ್ಟಿಯಲ್ಲಿ ಇನ್ನೂ ಜಾಗವಿದೆ.